ಮಹಿಳಾ ಆರೋಗ್ಯ: ಸುಸ್ತನ್ನು ಸಹಿಸಿಕೊಳ್ಳುವುದು ಬೇಡ

ಕೊಲ್ಲಿ ನಾಡಿನಲ್ಲಿ ದುಡಿಯುವ ನಾವು ಊರಿಗೆ ಹಣ ಕಳಿಸುವುದನ್ನು ಒಂದು ತಿಂಗಳೂ ತಪ್ಪಿಸುವುದಿಲ್ಲ. ತಪ್ಪಿಸುವುದು ನಮ್ಮ ಊಟವನ್ನು. ಬೆಳಿಗ್ಗೆ ಡ್ಯೂಟಿಗೆ ಓಡುವ ಮುನ್ನ ಒಂದು ಖುಬ್ಬೂಸ್, ಒಂದು ಲೋಟ ಚಹಾ. ಮಧ್ಯಾಹ್ನ ರಾತ್ರಿಯದೇ ಅನ್ನ, ಸಂಜೆ ಮತ್ತೆ ಚಹಾ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ತಲೆ ಸುತ್ತು. ಕೇಳಿದರೆ "ಇಲ್ಲಿನ ಬಿಸಿಲು, ಇಲ್ಲಿನ ನೀರು" ಎನ್ನುತ್ತೇವೆ. "ಊರಿಗೆ ಹೋದಾಗ ತೋರಿಸೋಣ" ಎಂದು ರಜೆಯವರೆಗೆ ಮುಂದೂಡುತ್ತೇವೆ.

ಈ ಸುಸ್ತಿನ ಹಿಂದೆ ಬಹಳ ಸಲ ಇರುವುದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲಿ ಅದು ಹೆಚ್ಚುಕಡಿಮೆ ಅರ್ಧದಷ್ಟು. ವಿಮಾನ ಹತ್ತಿದ ಮಾತ್ರಕ್ಕೆ ಅದು ಊರಿನಲ್ಲೇ ಉಳಿಯುವುದಿಲ್ಲ. ತಿಂಗಳ ಮುಟ್ಟಿನಲ್ಲಿ ಹೋಗುವ ಕಬ್ಬಿಣಾಂಶ ಊಟದಲ್ಲಿ ಮರಳಿ ಬರಬೇಕು. ಹಿಮೋಗ್ಲೋಬಿನ್ 12ಕ್ಕಿಂತ, ಗರ್ಭಿಣಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಒಂದು ಸಣ್ಣ ರಕ್ತಪರೀಕ್ಷೆಯಲ್ಲಿ ಇದು ತಿಳಿಯುತ್ತದೆ.

ನಮ್ಮ ಅಡುಗೆಮನೆಯಲ್ಲೇ ಮಾಡಬಹುದಾದ ಕೆಲಸ ಸಾಕಷ್ಟಿದೆ. ಹುರುಳಿ, ಅಲಸಂದೆ, ಕಡಲೆ, ಎಳ್ಳು, ಹರಿವೆ ಸೊಪ್ಪು, ನುಗ್ಗೆ ಸೊಪ್ಪು ಇವುಗಳಲ್ಲಿ ಕಬ್ಬಿಣಾಂಶವಿದೆ. ನಮ್ಮವರ, ಮಲಯಾಳಿಗಳ ಅಂಗಡಿಗಳಲ್ಲಿ ಇವು ಸಿಗುತ್ತವೆ. ಮಾಂಸ, ಮೀನು ತಿನ್ನುವವರಿಗೆ ಅದರಲ್ಲಿನ ಕಬ್ಬಿಣಾಂಶ ಇನ್ನೂ ಸುಲಭವಾಗಿ ಮೈಗೆ ಹತ್ತುತ್ತದೆ. ಹುರುಳಿ ಸಾರಿಗೋ ಕಡಲೆ ಉಸಲಿಗೋ ಮೇಲಿಂದ ನಿಂಬೆಹಣ್ಣು ಹಿಂಡಿದರೆ ಹೀರುವಿಕೆ ಹೆಚ್ಚುತ್ತದೆ. ಹುಳಿ ಹಾಕಿದ ಗೊಜ್ಜನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಪಾತ್ರೆಯಿಂದಲೂ ಸ್ವಲ್ಪ ಕಬ್ಬಿಣಾಂಶ ಸೇರುತ್ತದೆ. ಊಟದ ಜೊತೆಗೇ ಕುಡಿಯುವ ಚಹಾ ಮಾತ್ರ ಇದೆಲ್ಲವನ್ನೂ ಹಾಳುಮಾಡುತ್ತದೆ. ಕರಕ್ ಚಹಾ ಆಗಲಿ ಸುಲೈಮಾನಿ ಆಗಲಿ, ಬಿಡಬೇಕಿಲ್ಲ. ಊಟವಾಗಿ ಒಂದು ಗಂಟೆ ಕಳೆಯಲಿ.

ಎರಡು ನಂಬಿಕೆಗಳನ್ನೂ ಸ್ವಲ್ಪ ತಿದ್ದಿಕೊಳ್ಳೋಣ. ಖರ್ಜೂರ ತಿಂದರೆ ರಕ್ತ ತುಂಬುತ್ತದೆ ಎನ್ನುತ್ತಾರೆ. 100 ಗ್ರಾಂ ಖರ್ಜೂರದಲ್ಲಿ ಕಬ್ಬಿಣಾಂಶ ಇರುವುದು ಸುಮಾರು 1 ಮಿಲಿಗ್ರಾಂ ಮಾತ್ರ. ಹಸಿವಿಗೆ ಅದು ಒಳ್ಳೆಯದೇ, ಆದರೆ ರಕ್ತಹೀನತೆಗೆ ಮದ್ದಲ್ಲ. ರಾಗಿಯ ನಿಜವಾದ ಬಲ ಕ್ಯಾಲ್ಸಿಯಂ. 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಮೇಲೆ. ಮೂಳೆಗೆ ರಾಗಿ ಮುದ್ದೆ, ಅಂಬಲಿ ಬೇಕೇ ಬೇಕು. ಆ ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು. ಇಷ್ಟು ಬಿಸಿಲಿನ ನಾಡಿನಲ್ಲಿದ್ದರೂ ಎ.ಸಿ. ಕೋಣೆಯಿಂದ ಎ.ಸಿ. ಬಸ್ಸಿಗೆ ಹೋಗುವ ನಮಗೆ ಅದರ ಕೊರತೆ ಅಪರೂಪವಲ್ಲ. ಮೂಳೆ, ಸೊಂಟ ನೋವಿದ್ದರೆ ವೈದ್ಯರನ್ನು ಕೇಳಿ ಅದನ್ನೂ ಪರೀಕ್ಷಿಸಿಕೊಳ್ಳೋಣ.

ಹಿಮೋಗ್ಲೋಬಿನ್ ತೀರಾ ಇಳಿದಿದ್ದರೆ ಊಟವೊಂದೇ ಸಾಲದು, ಮಾತ್ರೆ ಬೇಕು. ಆದರೆ ಗೆಳತಿಯ ಮಾತ್ರೆಯನ್ನು ನಾವು ನುಂಗುವುದು ಬೇಡ. ಥಲಸ್ಸೀಮಿಯಾದಂಥ ಬೇರೆ ಕಾರಣವಿದ್ದರೆ ಕಬ್ಬಿಣದ ಮಾತ್ರೆಯೇ ತೊಂದರೆ ಮಾಡಬಹುದು. ವೈದ್ಯರು ಕೊಟ್ಟ ಮಾತ್ರೆಯನ್ನು ಹಾಲು, ಚಹಾದ ಜೊತೆ ತೆಗೆದುಕೊಳ್ಳಬಾರದು. ಮಲ ಕಪ್ಪಾದರೆ ಹೆದರಿ ನಿಲ್ಲಿಸಬಾರದು, ಅದು ಮಾತ್ರೆಯ ಸಹಜ ಗುಣ. ಸುಸ್ತು ಕಡಿಮೆಯಾಯಿತೆಂದು ನಡುವೆ ಬಿಡಲೂಬಾರದು. ಬರಿದಾದ ಸಂಗ್ರಹ ತುಂಬಲು ತಿಂಗಳುಗಳು ಬೇಕು.

ಮುಟ್ಟು ಏಳು ದಿನ ಮೀರಿದರೆ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾದರೆ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ರಜೆಗೆ ಕಾಯಬಾರದು. ಕೆಲಸ ಹೋದೀತು ಎಂಬ ಭಯ, ಹೇಳಿಕೊಳ್ಳುವ ಸಂಕೋಚ ನಮಗೆಲ್ಲ ಗೊತ್ತು. ಒಬ್ಬರೇ ಹೋಗಲು ಅಳುಕಾದರೆ ಜೊತೆಗೊಬ್ಬ ಗೆಳತಿಯನ್ನು ಕರೆದುಕೊಂಡು ಹೋಗೋಣ.

ಅಣ್ಣಂದಿರೇ, ತಮ್ಮಂದಿರೇ, ಇದು ನಿಮಗೂ ಹೇಳುವ ಮಾತು. ಊರಿನಲ್ಲಿರುವ ಹೆಂಡತಿ, ಅಕ್ಕತಂಗಿಯರಿಗೆ ಫೋನ್ ಮಾಡಿದಾಗ ದುಡ್ಡು ಬಂತಾ ಎನ್ನುವುದರ ಜೊತೆಗೆ ಊಟ ಏನು ಮಾಡಿದೆ, ರಕ್ತ ಪರೀಕ್ಷೆ ಮಾಡಿಸಿದೆಯಾ ಎಂದೂ ಕೇಳಿ. ಕಳಿಸುವ ಹಣದಲ್ಲಿ ಅವರ ಆರೋಗ್ಯಕ್ಕೂ ಒಂದು ಪಾಲಿರಲಿ.