ತೋಟದ ಹಣ್ಣಿಗೆ ಅಡಿಗೆಮನೆಯಲ್ಲಿ ಜಾಗವಿರಲಿ



ನಮ್ಮ ಸಂಘದ ಕಳೆದ ವಾರ್ಷಿಕ ಮಹಾಸಭೆಯ ಊಟದ ಕೊನೆಗೆ ಎಲ್ಲರಿಗೂ ಒಂದೊಂದು ಬಟ್ಟಲು ಹಣ್ಣಿನ ಕಸ್ಟರ್ಡ್ ಕೊಟ್ಟದ್ದು ತಮಗೆ ನೆನಪಿರಬಹುದು. ಹಳದಿ ಬಣ್ಣದ ಗಟ್ಟಿ ಹಾಲು, ಅದರಲ್ಲಿ ಸೇಬು, ದ್ರಾಕ್ಷಿ, ಡಬ್ಬಿಯಿಂದ ತೆಗೆದ ಚೆರ್ರಿ. ಬಟ್ಟಲನ್ನು ಕೈಯಲ್ಲಿ ಹಿಡಿದ ಹಿರಿಯ ಸದಸ್ಯರೊಬ್ಬರು ನನ್ನ ಬಳಿ ಬಂದು, "ಸೆಕ್ರೆಟರಿಗಳೇ, ಈ ಸೇಬು ನಮ್ಮ ಯಾವ ಮೆಂಬರರ ತೋಟದ್ದು?" ಎಂದು ಕೇಳಿದರು. ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ಆದರೆ ಮರುದಿನ ಅಡಿಗೆಯವರ ಬಿಲ್ಲಿಗೆ ರುಜು ಹಾಕುವಾಗ ಆ ಮಾತು ಮತ್ತೆ ನೆನಪಾಯಿತು. ಸಭೆ ನಡೆದ ಕಟ್ಟಡದ ಹಿಂದೆಯೇ ಹಲಸಿನ ಮರದ ಕೊನೆಯ ಹಣ್ಣುಗಳು ಬಿದ್ದು ಕೊಳೆಯುತ್ತಿದ್ದವು. ಪೇರಲೆ ಹಣ್ಣಿಗೆ ಬಾವಲಿಗಳ ಹೊರತು ಗಿರಾಕಿಗಳಿರಲಿಲ್ಲ. ನಾವು ಮಾತ್ರ ಹೊರಗಿನಿಂದ ತರಿಸಿದ ಸೇಬಿಗೆ ಹಣ ಕೊಟ್ಟಿದ್ದೆವು.

ಕಾಫಿ, ಅಡಿಕೆಗಳ ಧಾರಣೆಯ ಮಾತು ಬಿಟ್ಟು ಕಾರ್ಯದರ್ಶಿ ಅಡಿಗೆಯ ವಿಚಾರ ತೆಗೆದನೇಕೆ ಎಂದು ಕೆಲವರಿಗೆ ಅನಿಸೀತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಹಣ್ಣಿಗೆ ಮನೆಯ ಒಲೆಯ ಮೇಲೆ ಬೆಲೆಯಿಲ್ಲವೋ, ಅದರ ಮರಕ್ಕೆ ತೋಟದಲ್ಲಿ ವಕೀಲರಿರುವುದಿಲ್ಲ. ನೆರಳು ತೆಗೆಯುವಾಗ ಮೊದಲು ಗರಗಸ ಬೀಳುವುದು ಅದಕ್ಕೇ.

ಈ ಮಾತನ್ನು ಉಪದೇಶಕ್ಕಾಗಿ ಹೇಳುತ್ತಿಲ್ಲ. ನಾನೂ ತಪ್ಪು ಮಾಡಿದವನೇ. 2009ರಲ್ಲಿ ನನ್ನ ತೋಟದ ಆರು ಹಲಸಿನ ಮರಗಳನ್ನು ಕಡಿಸಿ, ಮೆಣಸಿನ ಬಳ್ಳಿಗೆಂದು ಸಿಲ್ವರ್ ಓಕ್ ನೆಡಿಸಿದೆ. ಸಿಲ್ವರ್ ಓಕ್ ನೆಟ್ಟಗೆ ಬೆಳೆಯುತ್ತದೆ, ಬೇಗ ಮರವಾಗುತ್ತದೆ, ನಾಟಾಕ್ಕೂ ಬರುತ್ತದೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹಲಸನ್ನು ಕಡಿಸುವಾಗ ನಾನು ಕೊಟ್ಟ ಕಾರಣ ಒಂದೇ: "ಹಣ್ಣು ಮನೆಯಲ್ಲಿ ಯಾರೂ ತಿನ್ನುವುದಿಲ್ಲ." ನನ್ನ ತಾಯಿ ಇದ್ದಾಗ ಅದೇ ಹಣ್ಣು ಕಡುಬಾಗುತ್ತಿತ್ತು, ಹಪ್ಪಳವಾಗುತ್ತಿತ್ತು, ಬೀಜ ಮಳೆಗಾಲದ ಸಾರಿಗಾಗುತ್ತಿತ್ತು. ಅವರು ತೀರಿಕೊಂಡ ಮೇಲೆ ಮರ ಬದಲಾಗಿರಲಿಲ್ಲ, ನಮ್ಮ ಅಡಿಗೆಮನೆ ಬದಲಾಗಿತ್ತು.

ಈಗಿನ ಮನೆಗಳಲ್ಲಿ ಕಡುಬಿಗೆ ಕೂರುವಷ್ಟು ಜನವಿಲ್ಲ, ಸಮಯವೂ ಇಲ್ಲ. ಆದ್ದರಿಂದ ಇಬ್ಬರು, ಮೂವರು ಇರುವ ಮನೆಯಲ್ಲೂ ಮಾಡಬಹುದಾದ ಒಂದು ಸುಲಭದ ತಿಂಡಿಯನ್ನು ಸೂಚಿಸುತ್ತೇನೆ. ಅದೇ ತಾಜಾ ಹಣ್ಣು ಹಾಕಿ ಬೇಯಿಸಿದ ನಿಜವಾದ ಕಸ್ಟರ್ಡ್.

ನಿಜವಾದ ಎಂದು ಬರೆದದ್ದಕ್ಕೆ ಕಾರಣವಿದೆ. ನಮ್ಮಲ್ಲಿ ಕಸ್ಟರ್ಡ್ ಎಂದರೆ ಪೊಟ್ಟಣದ ಪುಡಿ. ಅದು ಮುಖ್ಯವಾಗಿ ಮೆಕ್ಕೆಜೋಳದ ಗಂಜಿಹಿಟ್ಟು, ಜೊತೆಗೆ ಬಣ್ಣ ಮತ್ತು ಪರಿಮಳ. ಇದನ್ನು ಮೊದಲು ಮಾಡಿದವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ, 1837ರಲ್ಲಿ. ಅವರ ಪತ್ನಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ. ಆಕೆಗಾಗಿ ಮೊಟ್ಟೆಯಿಲ್ಲದ ಕಸ್ಟರ್ಡ್ ಮಾಡಲು ಹೋಗಿ ಪುಡಿ ಹುಟ್ಟಿತು. ಪತ್ನಿಯ ಮೇಲಿನ ಆ ಅಕ್ಕರೆ ಮೆಚ್ಚತಕ್ಕದ್ದೇ. ಆದರೆ ಒಬ್ಬರ ಪಥ್ಯಕ್ಕೆ ಮಾಡಿದ್ದು ನಮ್ಮೆಲ್ಲರ ಮದುವೆ ಊಟವಾಗಿಹೋಯಿತು. ಮೂಲ ಕಸ್ಟರ್ಡ್ ಹಾಲು, ಮೊಟ್ಟೆ, ಸಕ್ಕರೆ ಇಷ್ಟರಿಂದಲೇ ಹೆಪ್ಪುಗಟ್ಟುವಂಥದು.

ಇದೇನೋ ಪರದೇಶದ ವಿದ್ಯೆ ಎಂದು ಹಿಂಜರಿಯಬೇಕಾಗಿಲ್ಲ. ಗಿಣ್ಣು ತಿಂದ ಯಾರಿಗೂ ಇದರ ಮರ್ಮ ಗೊತ್ತು. ಕರು ಹಾಕಿದ ಹಸುವಿನ ಮೊದಲ ದಿನಗಳ ಹಾಲಿನಲ್ಲಿ ಸಸಾರಜನಕದ ಅಂಶ ಹೆಚ್ಚು. ಬೆಲ್ಲ, ಏಲಕ್ಕಿ ಸೇರಿಸಿ ಹಬೆಯಲ್ಲಿಟ್ಟರೆ ಅದು ತಾನಾಗಿ ಗಟ್ಟಿಯಾಗುತ್ತದೆ. ಆದರೆ ಗಿಣ್ಣು ಬೇಕೆಂದಾಗ ಸಿಗುವುದಿಲ್ಲ, ಅದರಲ್ಲಿ ಮೊದಲ ಪಾಲು ಕರುವಿನದು. ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಆ ಹಾಲು ಸಾಕಷ್ಟು ಕುಡಿಯದ ಕರುವಿಗೆ ರೋಗ ತಡೆಯುವ ಶಕ್ತಿ ಬರುವುದಿಲ್ಲ. ಕಸ್ಟರ್ಡಿನಲ್ಲಿ ಗಿಣ್ಣುಹಾಲು ಮಾಡುವ ಕೆಲಸವನ್ನು ಮೊಟ್ಟೆ ಮಾಡುತ್ತದೆ. ವರ್ಷವಿಡೀ ಮಾಡುತ್ತದೆ ಎಂಬುದಷ್ಟೇ ವ್ಯತ್ಯಾಸ.

ಹಣ್ಣು ಸೇರಿಸುವ ಕ್ರಮಕ್ಕೆ ಫ್ರಾನ್ಸ್ ದೇಶದ ಮಧ್ಯಭಾಗದ ಲಿಮೂಸಾಂ ಪ್ರದೇಶ ಹೆಸರಾದುದು. ಅಲ್ಲಿ ಹಸು ಸಾಕುವ ರೈತರು ಹೆಚ್ಚು. ಬೇಸಗೆಯಲ್ಲಿ ಚೆರ್ರಿ ಹಣ್ಣು ಬಂದಾಗ ಅದನ್ನು ಬೀಜ ಸಹಿತ ತಟ್ಟೆಯ ತುಂಬ ಹರಡಿ, ಮೇಲೆ ಹಾಲು, ಮೊಟ್ಟೆ, ಸಕ್ಕರೆ, ಸ್ವಲ್ಪ ಹಿಟ್ಟು ಕಲಸಿ ಹೊಯ್ದು ಬೇಯಿಸುತ್ತಾರೆ. ಕ್ಲಫೂಟಿ ಎಂದು ಅದರ ಹೆಸರು. ಚೆರ್ರಿಯ ಬದಲು ಬೇರೆ ಹಣ್ಣು ಹಾಕಿದರೆ ಹೆಸರನ್ನೇ ಬದಲಿಸುವಷ್ಟು ಅವರಿಗೆ ತಮ್ಮ ಹಣ್ಣಿನ ಅಭಿಮಾನ. ಇದು ಅರಮನೆಯ ಭಕ್ಷ್ಯವಲ್ಲ. ಮನೆಯ ಹಾಲು, ಮನೆಯ ಮೊಟ್ಟೆ, ಮನೆಯ ಮರದ ಹಣ್ಣು ಇದ್ದ ರೈತರ ಮನೆಯ ತಿಂಡಿ. ನಮ್ಮ ತೋಟದ ಮನೆಗಳಲ್ಲಿ ಇರುವುದೂ ಈ ಮೂರೇ.

ಇನ್ನು ಮಾಡುವ ಕ್ರಮ. ಅರ್ಧ ಲೀಟರ್ ಹಾಲಿಗೆ ನಾಲ್ಕು ಮೊಟ್ಟೆ, 100 ಗ್ರಾಂ ಸಕ್ಕರೆ, ಎರಡು ದೊಡ್ಡ ಚಮಚ ಮೈದಾ, ಒಂದು ಚಿಟಿಕೆ ಉಪ್ಪು, ಎರಡು ಏಲಕ್ಕಿಯ ಪುಡಿ. ಹಣ್ಣಿನ ಹೋಳು ಎರಡು ಬಟ್ಟಲು. ಹಣ್ಣು ಬಿಡುವ ರಸವನ್ನು ಹಿಡಿದಿಡಲು ಮೈದಾ ಬೇಕು. ಮೊಟ್ಟೆ, ಸಕ್ಕರೆ, ಮೈದಾವನ್ನು ಗಂಟಿಲ್ಲದಂತೆ ಕಲಸಿ, ಕೈಗೆ ತಾಳುವಷ್ಟು ಬಿಸಿಯಾದ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಸೋಸಬೇಕು. ನೊರೆ ಬರುವಂತೆ ಕಡೆಯಬಾರದು. ತುಪ್ಪ ಸವರಿದ ಪಾತ್ರೆಯಲ್ಲಿ ಹಣ್ಣು ಹರಡಿ ಮೇಲೆ ಹೊಯ್ದು, ಆ ಪಾತ್ರೆಯನ್ನು ಬಿಸಿನೀರಿನ ಅಗಲ ತಟ್ಟೆಯೊಳಗಿಟ್ಟು, ಓವನ್ನಿನಲ್ಲಿ 160 ಡಿಗ್ರಿ ಶಾಖಕ್ಕೆ ಮುಕ್ಕಾಲು ಗಂಟೆಯ ಮೇಲೆ ಸ್ವಲ್ಪ ಇಟ್ಟರೆ ಸಾಕು.

ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಒಂದು ಅಂಗುಲ ಮರಳು ಹಾಸಿ, ಮೇಲೆ ಸಿಂಬೆಯಿಟ್ಟು, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬಹುದು. ಮುಚ್ಚಳದ ಮೇಲೆ ಕೆಂಡ ಹರಡಿದರೆ ಮೇಲ್ಭಾಗವೂ ಹೊಂಬಣ್ಣಕ್ಕೆ ಬರುತ್ತದೆ. ಹಳೆಯ ಬಂಗಲೆಗಳ ಬಟ್ಲರರು ಹೀಗೆಯೇ ಬೇಯಿಸುತ್ತಿದ್ದರು. ಅದೂ ಬೇಡವೆಂದರೆ ಇಡ್ಲಿ ಪಾತ್ರೆಯ ಹಬೆ ಇದ್ದೇ ಇದೆ. ಹಬೆಯ ನೀರು ತೊಟ್ಟಿಕ್ಕದಂತೆ ಮೇಲೊಂದು ತಟ್ಟೆ ಮುಚ್ಚಿದರಾಯಿತು.

ಗಮನಿಸಬೇಕಾದುದು ಶಾಖ. ಮೊಟ್ಟೆ ಬೆರೆತ ಹಾಲು ಸುಮಾರು 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಟ್ಟಿಯಾಗತೊಡಗುತ್ತದೆ. ಅದಕ್ಕಿಂತ ಬಹಳ ಮೇಲೆ ಹೋದರೆ ಒಡೆದು ನೀರು ಬಿಡುತ್ತದೆ. ನೀರಿನ ತಟ್ಟೆಯಲ್ಲಿಡುವುದು ಶಾಖ ಏರದಂತೆ ತಡೆಯಲಿಕ್ಕೇ. ಅಂಚು ಗಟ್ಟಿಯಾಗಿ ನಡುಭಾಗ ಇನ್ನೂ ತುಸು ನಡುಗುತ್ತಿರುವಾಗಲೇ ಇಳಿಸಬೇಕು, ಉಳಿದದ್ದು ತನ್ನ ಬಿಸಿಗೇ ಆಗುತ್ತದೆ. ಕಣ್ಣಂದಾಜಿನಲ್ಲೇ ಅಡಿಕೆ ಬೇಯಿಸುವ ಹದ ಬಲ್ಲವರಿಗೆ ಇದೇನು ಕಷ್ಟದ ಕೆಲಸವಲ್ಲ.

ಹಣ್ಣುಗಳ ವಿಚಾರದಲ್ಲಿ ನಾನು ಪೆಟ್ಟು ತಿಂದು ಕಲಿತದ್ದನ್ನು ಹೇಳಬೇಕು. ಮೊದಲ ಸಲ ನಮ್ಮ ತೋಟದ ಅನಾನಸನ್ನು ಹಸಿಯಾಗಿಯೇ ಹಾಕಿದೆ. ಒಂದೂವರೆ ಗಂಟೆ ಕಾದರೂ ಪಾತ್ರೆಯಲ್ಲಿದ್ದದ್ದು ಪಾಯಸವೇ, ಅದೂ ಕಹಿ. ಬಿ.ಎಸ್ಸಿ. ಓದಿದವನಿಗೆ ಹೊಳೆಯಬೇಕಿತ್ತು. ಹಸಿ ಅನಾನಸಿನಲ್ಲಿ ಬ್ರೊಮೆಲೈನ್, ಪಪ್ಪಾಯಿಯಲ್ಲಿ ಪಪೇಯಿನ್ ಎಂಬ ಕಿಣ್ವಗಳಿವೆ. ಹಾಲು, ಮೊಟ್ಟೆಗಳ ಸಸಾರಜನಕವನ್ನು ಅವು ಕತ್ತರಿಸಿಹಾಕುತ್ತವೆ. ಹೋಳನ್ನು ಸಕ್ಕರೆಯೊಡನೆ ಚೆನ್ನಾಗಿ ಕುದಿಸಿ, ರಸ ಬಸಿದು ಹಾಕಿದರೆ ಈ ತೊಂದರೆಯಿಲ್ಲ. ಬಾಳೆ, ಮಾವು, ಬಕ್ಕೆ ಹಲಸು ಹಾಗೆಯೇ ಒಗ್ಗುತ್ತವೆ. ಮೆತ್ತಗಿನ ಹಲಸಾದರೆ ರಸವನ್ನು ಕಾಸಿ ಗಟ್ಟಿ ಮಾಡಿಕೊಳ್ಳಬೇಕು. ಪೇರಲೆಯನ್ನು ಬೇಯಿಸಿ ಬೀಜ ಸೋಸಬೇಕು. ಕಿತ್ತಳೆಯ ರಸ ಬಿದ್ದರೆ ಹಾಲು ಒಡೆಯುತ್ತದೆ, ಆದ್ದರಿಂದ ಸಿಪ್ಪೆಯ ಹೊರಭಾಗವನ್ನು ತುರಿದು ಪರಿಮಳಕ್ಕೆ ಹಾಕಿ, ತೊಳೆಗಳನ್ನು ಬಡಿಸುವಾಗ ಮೇಲಿಡಬೇಕು. ಪ್ಯಾಷನ್ ಫ್ರೂಟಿನ ತಿರುಳಿಗೂ ಇದೇ ಕ್ರಮ. ಸಕ್ಕರೆಯ ಬದಲು ಬೆಲ್ಲ ಹಾಕುವವರು ಬಿಸಿ ಹಾಲಿಗೆ ಹಾಕದೆ, ಹಾಲು ಆರಿದ ಮೇಲೆ ಹಾಕಲಿ.

ಮೊಟ್ಟೆ ಮುಟ್ಟದ ಮನೆಗಳು ನಮ್ಮ ಸದಸ್ಯರಲ್ಲಿ ಬಹಳವಿವೆ, ಅವರ ಆಚಾರಕ್ಕೆ ನನ್ನ ಗೌರವವಿದೆ. ಅವರಿಗೆ ಪುಡಿಯೇ ಗತಿ ಎಂದು ಭಾವಿಸಬೇಕಾಗಿಲ್ಲ. ಬಂಗಾಳದಲ್ಲಿ ಭಾಪಾ ದೋಯಿ ಎಂಬುದೊಂದಿದೆ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರಿಗೆ, ಸಕ್ಕರೆ ಹಾಕಿ ಕಾಸಿ ಇಂಗಿಸಿದ ಹಾಲು ಬೆರೆಸಿ ಹಬೆಯಲ್ಲಿ ಬೇಯಿಸುತ್ತಾರೆ. ಮೊಟ್ಟೆಯಿಲ್ಲದೆ ಸೊಗಸಾಗಿ ಕೂರುತ್ತದೆ. ಮಾವಿನ ತಿರುಳು ಅದಕ್ಕೆ ಚೆನ್ನಾಗಿ ಹೊಂದುತ್ತದೆ.

ಒಂದು ಆಕ್ಷೇಪಣೆಗೆ ಉತ್ತರಿಸುವುದು ನನ್ನ ಕರ್ತವ್ಯ. ಒಂದು ಹಲಸಿನ ಮರ ಬಿಡುವ ಹಣ್ಣನ್ನೆಲ್ಲ ಕಸ್ಟರ್ಡ್ ಮಾಡಿ ಮುಗಿಸಲಾದೀತೇ? ಖಂಡಿತ ಆಗದು. ಎರಡು ಹಣ್ಣು ಒಳಗೆ ಬಂದರೆ ಉಳಿದವು ಹೊರಗೇ ಬೀಳುತ್ತವೆ. ಆನೆಯ ಕಾಟವಿರುವ ಕಡೆ ಕಾಯಿಯನ್ನು ಎಳೆಯದಿದ್ದಾಗಲೇ ಇಳಿಸಬೇಕಾದ ಅನಿವಾರ್ಯವೂ ಇದೆ. ಅಲ್ಲಿಯವರಿಗೆ ನಾನು ಬುದ್ಧಿ ಹೇಳಲಾರೆ. ಆದರೆ ಒಳಗೆ ಬಂದ ಆ ಎರಡು ಹಣ್ಣು ಮರದ ಗುರುತನ್ನು ಉಳಿಸುತ್ತವೆ. ಯಾವ ಮರದ್ದು ಸಿಹಿ, ಯಾವುದು ಬಕ್ಕೆ, ಯಾವುದು ಮೊದಲು ಹಣ್ಣಾಗುತ್ತದೆ ಎಂಬುದು ಮನೆಯವರ ಬಾಯಲ್ಲಿದ್ದರೆ, ಕಡಿಯುವವನಿಗೆ ಎದುರು ಮಾತನಾಡಲು ಒಬ್ಬರಾದರೂ ಇರುತ್ತಾರೆ. ನನ್ನ ಮನೆಯಲ್ಲಿ 2009ರಲ್ಲಿ ಅಂಥವರು ಯಾರೂ ಇರಲಿಲ್ಲ.

ಹೋಂಸ್ಟೇ ನಡೆಸುವ ಸದಸ್ಯರಿಗೆ ಇದರಲ್ಲಿ ನೇರ ಲಾಭವೂ ಇದೆ. ಪಟ್ಟಣದ ಅತಿಥಿ ತೋಟ ನೋಡಲೆಂದು ಇಷ್ಟು ದೂರ ಬರುತ್ತಾನೆ. ಅವನಿಗೆ ಅವನ ಊರಿನ ಅಂಗಡಿಯ ಪುಡಿಯನ್ನೇ ಕಲಸಿ ಕೊಡುವುದು ಯಾವ ವ್ಯವಹಾರ? ಬೆಳಿಗ್ಗೆ ಅವನು ಕಂಡ ಮರದ ಹಣ್ಣು ರಾತ್ರಿ ಅವನ ತಟ್ಟೆಗೆ ಬಂದರೆ, ಅವನು ಊರಿಗೆ ಹೋಗಿ ಹೇಳುವುದು ಅದನ್ನೇ.

ಕಡಿದ ಆರು ಮರಗಳಿಗೆ ಬದಲಾಗಿ ಈ ಮಳೆಗಾಲದಲ್ಲಿ ಮೂರು ಕಸಿ ಹಲಸು ನೆಟ್ಟಿದ್ದೇನೆ. ಅವು ಫಲ ಕೊಡುವ ತನಕ ನೆರೆಯವರ ಹಣ್ಣೇ ಗತಿ, ಅವರೂ ಬೇಡವೆಂದಿಲ್ಲ.

ಮುಂದಿನ ಮಹಾಸಭೆಯ ಬಗ್ಗೆ ನನ್ನದೊಂದು ಸೂಚನೆ. ಊಟದ ಕೊನೆಯ ಸಿಹಿಗೆ ಹಣ್ಣು, ಹಾಲು ಸದಸ್ಯರ ತೋಟ, ಕೊಟ್ಟಿಗೆಗಳಿಂದಲೇ ಬರಲಿ. ಮೊಟ್ಟೆಯದು ಒಂದು ಮೇಜು, ಮೊಟ್ಟೆಯಿಲ್ಲದ್ದು ಇನ್ನೊಂದು ಮೇಜು. ಪ್ರತಿ ಪಾತ್ರೆಯ ಮುಂದೆ ಹಣ್ಣು ಕೊಟ್ಟ ತೋಟದ ಹೆಸರು ಬರೆದಿಡೋಣ. ಹಣ್ಣು ಒದಗಿಸಬಲ್ಲವರು ಸಂಘದ ಕಚೇರಿಗೆ ಮುಂಚಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಈ ಲೇಖನವನ್ನು ಒಪ್ಪದವರು ಬರೆದು ಕಳುಹಿಸಿದರೆ ಅದನ್ನೂ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಅಂದು ಆ ಹಿರಿಯ ಸದಸ್ಯರು ಮತ್ತೆ ಬಟ್ಟಲು ಹಿಡಿದು ಬಂದು, ಇದು ಯಾರ ತೋಟದ್ದೆಂದು ಕೇಳಿದರೆ, ಹೆಸರು ಹೇಳಿ ಉತ್ತರ ಕೊಡಬೇಕೆಂಬುದು ನನ್ನ ಆಸೆ.

— ಕಾರ್ಯದರ್ಶಿ