ಹಲ್ಲು ಕೀಳಿಸುವ ದೂರ

ಮೊಹರಂ ಬಂತೆಂದರೆ ಮುದಗಲ್ ತುಂಬಿ ತುಳುಕುತ್ತದೆ. ಬೆಂಗಳೂರು, ಪುಣೆ ಎಂದು ದುಡಿಯಲು ಹೋದವರು ಅಲಾಯಿ ದೇವರ ದರ್ಶನಕ್ಕೆ ಊರಿಗೆ ಮರಳುತ್ತಾರೆ. ಓಣಿಯಲ್ಲಿ ಬಿಡಿಎಸ್ ಓದುವ ಹುಡುಗಿಯೊಬ್ಬಳಿದ್ದರೆ ಹಬ್ಬದ ನಡುವೆಯೂ ಅವಳಿಗೆ ಬಿಡುವಿಲ್ಲ. ‘ದವಡಿ ಹಲ್ಲು ರಾತ್ರಿಯೆಲ್ಲ ನಿದ್ದಿ ಮಾಡಗೊಡಂಗಿಲ್ಲವ್ವ, ಕೀಳಿಸೇ ಬಿಡ್ಲೇನು?’ ಎನ್ನುತ್ತ ಪಕ್ಕದ ಮನೆಯ ಅಜ್ಜಿ ಕೆನ್ನೆ ಹಿಡಿದುಕೊಂಡು ಕಟ್ಟೆಗೆ ಬರುತ್ತಾಳೆ.

ಎಷ್ಟೋ ಸಲ ಆ ಹಲ್ಲನ್ನು ಕೀಳಬೇಕಾಗಿಯೇ ಇರುವುದಿಲ್ಲ. ಹುಳುಕು ನರದವರೆಗೆ ಇಳಿದಿದ್ದರೂ ರೂಟ್ ಕೆನಾಲ್ ಮಾಡಿ ಉಳಿಸಿಕೊಳ್ಳಬಹುದು. ಆದರೆ ಕ್ಯಾಪ್ ಕೂರಿಸುವವರೆಗೆ ಎರಡು ಮೂರು ಸಲವಾದರೂ ಡಾಕ್ಟರ ಬಳಿ ಹೋಗಿಬರಬೇಕು. ರಾಯಚೂರಿನ ದಂತ ಕಾಲೇಜುಗಳಲ್ಲಿ ಖರ್ಚು ಕಡಿಮೆ ನಿಜ, ಮುದಗಲ್‌ನಿಂದ ಅಲ್ಲಿಗೆ ಸುಮಾರು 100 ಕಿಲೋಮೀಟರ್. ಹೋದಾಗಲೆಲ್ಲ ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೆ ಬಂದವರ ಕೂಲಿ. ಸಿಂಧನೂರಿನ ಗದ್ದೆಗಳಲ್ಲಿ ಭತ್ತ ನಾಟಿ ನಡೆದಿರುವಾಗ ಯಾವ ಹೆಣ್ಣುಮಗಳು ಮೂರು ದಿನ ಕೆಲಸ ಬಿಟ್ಟಾಳು? ಕೀಳಿಸಿದರೆ ಒಂದೇ ಸಲಕ್ಕೆ ಮುಗಿಯಿತು. ಈ ಭಾಗದ ಜನರ ಹಲ್ಲು ಕೀಳಿಸುತ್ತಿರುವುದರಲ್ಲಿ ಹುಳುಕಿನಷ್ಟೇ ಪಾಲು ದೂರದ್ದೂ ಇದೆ.

ನೀರಿನ ಕತೆ ಬೇರೆ. ರಾಯಚೂರು ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಎಳೆಯ ವಯಸ್ಸಿನಲ್ಲಿ, ಅಂದರೆ ಹಲ್ಲಿನ ಹೊರಕವಚ ರೂಪುಗೊಳ್ಳುವ ಹೊತ್ತಿನಲ್ಲಿ, ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಹುಟ್ಟುವಾಗಲೇ ಸುಣ್ಣ ಬಳಿದಂತೆ ಬಿಳಿಚಿಕೊಂಡಿರುತ್ತದೆ. ಬರಬರುತ್ತ ಕಂದು ಗೆರೆ ಮೂಡುತ್ತದೆ. ಎಷ್ಟು ತಿಕ್ಕಿದರೂ ಅದು ಹೋಗದು. ‘ಹಲ್ಲು ತಿಕ್ಕೋದಿಲ್ಲ’ ಎಂದು ಶಾಲೆಯಲ್ಲಿ ಬೈಸಿಕೊಂಡ ಮಗು ಅಂಗೈ ಅಡ್ಡ ಹಿಡಿದು ನಗುವುದನ್ನು ಕಲಿಯುತ್ತದೆ. ತಪ್ಪು ಮಗುವಿನದಲ್ಲ, ನೀರಿನದು ಎಂದು ಆ ಶಾಲೆಗೇ ಹೋಗಿ ಹೇಳುವ ಡಾಕ್ಟರು ಬೇಕು. ಆ ನೀರನ್ನೇ ಕುಡಿದು ಬೆಳೆದವರಾದರೆ ಇನ್ನೂ ಒಳ್ಳೆಯದು.

ಅಂಥವರು ತಯಾರಾಗುವ ದಾರಿ ಉದ್ದವೇ. ನೀಟ್ ಬರೆಯಬೇಕು, ನಾಲ್ಕು ವರ್ಷ ಓದಬೇಕು, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷ ಮೇಣದ ತುಂಡು ಹಿಡಿದು ಹಲ್ಲು ಕೆತ್ತುವುದರಲ್ಲೇ ಬೆರಳು ನೋಯುತ್ತದೆ. ದವಡೆ ಹಲ್ಲಿನ ಒಂದು ಉಬ್ಬು ತುಸು ಹೆಚ್ಚು ಸವೆದರೂ ಮತ್ತೆ ಮೊದಲಿನಿಂದ ಕೆತ್ತಬೇಕು. ಎರಡನೆಯ ವರ್ಷ ಬೊಂಬೆ ತಲೆಯ ಬಾಯಿಯಲ್ಲಿ ಕೊರೆದು ತುಂಬುವ ಅಭ್ಯಾಸ. ರೋಗಿಯ ಬಾಯಿಗೆ ಕೈ ಹಾಕುವುದು ಆಮೇಲೆ.

ಸಂವಿಧಾನದ 371ಜೆ ಕಲಂ ಬಂದ ಮೇಲೆ ಕಲ್ಯಾಣ ಕರ್ನಾಟಕದ ವಿದ್ಯಾಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ ಮೀಸಲಾಗಿದೆ. ಹೀಗಾಗಿ ಲಿಂಗಸುಗೂರು, ಮಸ್ಕಿಯ ಮಕ್ಕಳಿಗೂ ಬಿಡಿಎಸ್ ಎಟುಕಿದೆ. ತೊಡಕು ಪದವಿ ಕೈಗೆ ಬಂದ ದಿನ ಶುರುವಾಗುತ್ತದೆ. ಕುರ್ಚಿ, ಕಂಪ್ರೆಸರ್, ಎಕ್ಸ್‌ರೇ, ಉಪಕರಣಗಳನ್ನು ಒತ್ತಡದ ಹಬೆಯಲ್ಲಿ ಶುದ್ಧಿ ಮಾಡುವ ಆಟೋಕ್ಲೇವ್ ಇಲ್ಲದೆ ದಂತ ವೈದ್ಯರು ಅಂಗಡಿ ತೆರೆಯಲಾಗದು. ಓದಿನ ಸಾಲ ತೀರದ ಮನೆಯಲ್ಲಿ ಅಷ್ಟು ದುಡ್ಡೆಲ್ಲಿ? ಹಾಗಾಗಿ ಮುದಗಲ್‌ನ ಡಾಕ್ಟರು ಬೆಂಗಳೂರಿನ ಯಾರದೋ ಕ್ಲಿನಿಕ್ಕಿನಲ್ಲಿ ಸಣ್ಣ ಸಂಬಳಕ್ಕೆ ನಿಲ್ಲುತ್ತಾರೆ. ಅಲ್ಲಿ ಬೀದಿಗೊಂದು ಹಲ್ಲಿನ ದವಾಖಾನೆಯಿದೆ. ಅವರಿಗಾಗಿ ಕಾಯುವವರು ಇಲ್ಲಿದ್ದಾರೆ.

ಸೀಟಿಗೆ ಮೀಸಲಾತಿ ಕೊಟ್ಟು ಕೈ ತೊಳೆದುಕೊಂಡರೆ ಸರ್ಕಾರದ ಕೆಲಸ ಅರ್ಧಕ್ಕೇ ನಿಂತಂತೆ. ಇದೇ ಕಲಂ ಅಡಿ ಈ ಭಾಗದ ‘ಎ’ ಗುಂಪಿನ ಹುದ್ದೆಗಳಲ್ಲೂ ಶೇ 75 ಸ್ಥಳೀಯರಿಗಿದೆ. ಆಸ್ಪತ್ರೆಗಳಲ್ಲಿ ದಂತ ವೈದ್ಯರ ಹುದ್ದೆ ಹೆಚ್ಚಿಸಿ ಸ್ಥಳೀಯರಿಂದಲೇ ತುಂಬಬೇಕು. ಇಂಟರ್ನ್‌ಶಿಪ್‌ನ ಕೆಲವು ತಿಂಗಳಾದರೂ ಲಿಂಗಸುಗೂರು, ಸಿಂಧನೂರು, ಮಸ್ಕಿಯ ಆಸ್ಪತ್ರೆಗಳಲ್ಲಿ ನಡೆಯಲಿ. ಬಡ ಹಿರಿಯರಿಗೆ ಪುಕ್ಕಟೆ ಹಲ್ಲಿನ ಸೆಟ್ ಕೊಡುವ ದಂತಭಾಗ್ಯದಂಥ ಯೋಜನೆಯ ಅಳತೆಯೂ ಅಲ್ಲೇ ಆಗಲಿ.

ಸ್ವಂತ ಊರಿನಲ್ಲಿ ಕ್ಲಿನಿಕ್ ತೆರೆಯುವ ಯುವ ದಂತ ವೈದ್ಯರಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಮೊದಲ ಕುರ್ಚಿಯ ಸಾಲದ ಬಡ್ಡಿಯನ್ನಾದರೂ ಹೊರಬೇಕು. ಈ ಭಾಗದ ಶಾಸಕರು ಈ ಮಾತನ್ನು ಮಂಡಳಿಯ ಮುಂದಿಡಲಿ.