ಸುಟ್ಟ ಮೋಟಾರ್ ಕಲಿಸಿದ ಪಾಠ

ಕಾಲೇಜಿನ ತಾಂತ್ರಿಕ ಉತ್ಸವದ ರಿಮೋಟ್ ಕಾರ್ ರೇಸಿಗೆಂದು ಸೈದಾಪುರದ ನಾವು ಮೂವರು ಗೆಳೆಯರು ದುಡ್ಡು ಕೂಡಿಸಿ ಹಳೆಯ ಕಾರು ಕೊಂಡೆವು. ವೇಗದ ಆಸೆಗೆ ತಂತಿಯ ಸುತ್ತು ಕಡಿಮೆಯಿರುವ ಬ್ರಷ್ ಮೋಟಾರ್ ಹಾಕಿದೆವು. ಸುತ್ತು ಕಡಿಮೆಯಾದಷ್ಟೂ ವೇಗ ಹೆಚ್ಚು. ಕರೆಂಟ್ ಎಳೆತ, ಬಿಸಿಯೂ ಹೆಚ್ಚು. ಅರ್ಧ ಓಟದಲ್ಲೇ ಹೊಗೆ ಬಂತು. ಹೊಸಬರಾದ ನಮಗೆ 540 ಗಾತ್ರದ, 27 ಸುತ್ತಿನ ಮೋಟಾರೇ ಸಾಕಿತ್ತು.

ಬಿಚ್ಚಿದಾಗಲೇ ಕಲಿಕೆ ಶುರುವಾಯಿತು. ಕಾರ್ಬನ್ ಬ್ರಷ್ ಸವೆದಿದೆಯೇ, ಸ್ಪ್ರಿಂಗ್ ಸಡಿಲವಾಗಿದೆಯೇ, ಕಮ್ಯುಟೇಟರ್ ಕಪ್ಪಾಗಿದೆಯೇ ನೋಡಬೇಕು. ದೂಳು ತೆಗೆದು ಬುಷ್‌ಗೆ ಒಂದೇ ಹನಿ ಎಣ್ಣೆ ಬಿಡಬೇಕು. ಅದು ಬ್ರಷ್‌ಗೆ ತಾಗಬಾರದು. ಹೊಸ ಬ್ರಷ್ ಹಾಕಿದರೆ ಮೊದಲು ಕಡಿಮೆ ವೋಲ್ಟೇಜಿನಲ್ಲಿ, ಭಾರವಿಲ್ಲದೆ ಓಡಿಸಬೇಕು. ಕೊಳ್ಳುವಾಗಲೇ ಬ್ರಷ್ ಬದಲಿಸಲು ಬರುವ ಮೋಟಾರ್ ಆರಿಸಿ. ಸೀಲ್ ಆದದ್ದು ಸವೆದರೆ ಎಸೆಯಬೇಕಷ್ಟೆ.

ಮನೆಯ ಮಿಕ್ಸಿ, ಕೈ ಡ್ರಿಲ್ಲುಗಳಲ್ಲೂ ಹೆಚ್ಚಾಗಿ ಇರುವುದು ಇಂಥದೇ ಬ್ರಷ್. ಕೆಲಸದ ಕರೆಗೆ ಕಾಯುತ್ತಿರುವ ನಾನು ಈಗ ಓಣಿಯ ಮಿಕ್ಸಿ ರಿಪೇರಿ ಮಾಡಿ ಅರ್ಜಿ ಶುಲ್ಕ ಹೊಂದಿಸಿಕೊಳ್ಳುತ್ತಿದ್ದೇನೆ. ಬ್ರಷ್‌ಲೆಸ್ ಬಂದ ಮೇಲೆ ಇದೇಕೆ ಎನ್ನಬೇಡಿ. ನಮ್ಮ ಪ್ರಯೋಗಾಲಯಗಳು ಮೋಟಾರನ್ನು ಗಾಜಿನ ಕಪಾಟಿನಲ್ಲಿ ತೋರಿಸುವುದು ಬಿಟ್ಟು, ಬಿಚ್ಚಿ ಜೋಡಿಸಲು ನಮ್ಮ ಕೈಗೆ ಕೊಡಲಿ. ಅಂಕಪಟ್ಟಿ ಸುಮ್ಮನಿದ್ದಾಗಲೂ ಕೈಕಸುಬು ಅನ್ನ ಕೊಡುತ್ತದೆ.